ತಲೆಯ ಬಳಿ ಒಂದು ಸ್ಟೂಲು

ಮನೆಯಿಂದ
8 ಜನವರಿ 2019

ವೇಲ್ಕೊ,

ನಮ್ಮ ಹಳೆಯ ಪಂಚಾಂಗದ ಕ್ರಿಸ್‌ಮಸ್ ನಿನ್ನೆ ಮುಗಿಯಿತು. ಫೋನಿನಲ್ಲಿ ಎಲ್ಲರೂ ಸರದಿಯ ಮೇಲೆ ಕೂಗಿ ಕೂಗಿ ಶುಭಾಶಯ ಹೇಳಿದರು. ನನ್ನ ಸರದಿ ಬರುವ ಹೊತ್ತಿಗೆ ನಿನ್ನ ಹಡಗು ಬೆಟ್ಟದ ಸಂದಿಗೆ ಹೋಗಿ ಲೈನು ಕಡಿದುಹೋಯಿತು. ಅದಕ್ಕೇ ಬರೆಯುತ್ತಿದ್ದೇನೆ. ಫೋನ್ ಮಾಡಿದರೆ ನನ್ನ ಪಕ್ಕದಲ್ಲಿ ನಿನ್ನಮ್ಮ ಇರುತ್ತಾರೆ, ನಿನ್ನ ಪಕ್ಕದಲ್ಲಿ ಇಡೀ ಹಡಗು ಇರುತ್ತದೆ. ಕಾಗದದಲ್ಲಾದರೆ ನಾವಿಬ್ಬರೇ. ಗಲಾತ್ಸ್ ಬಂದರಿನ ಏಜೆಂಟರ ಕಚೇರಿಗೆ ಕಳಿಸುತ್ತೇನೆ, ಅಲ್ಲಿ ತೆಗೆದುಕೋ.

ವಿಷಯ ಇಷ್ಟು. ದಿನ ಗೊತ್ತಾಗಿದೆ. ಮಾರ್ಚ್ 14, ಗುರುವಾರ, ಬೆಳಿಗ್ಗೆ ಎಂಟು ಗಂಟೆ. ಡಾಕ್ಟರಮ್ಮ ಸೆನ್ಕಾ ಹಲ್ಲು ಕೀಳಿಸಲು ಬಂದವರಿಗೆ ಸಮಯ ಕೊಡುವ ಹಾಗೆ ಕ್ಯಾಲೆಂಡರ್ ತಿರುಗಿಸಿ ಕೊಟ್ಟರು. ನೇದಾ ಹುಟ್ಟುವಾಗ ಹೊಟ್ಟೆ ಕೊಯ್ದಿದ್ದರಿಂದ ಈ ಸಲವೂ ಕೊಯ್ಯುವುದೇ ಕ್ಷೇಮ ಎಂದರು. ಆದರೆ ಪೂರ್ತಿ ಪ್ರಜ್ಞೆ ತಪ್ಪಿಸುವುದಿಲ್ಲ. ಬೆನ್ನಿಗೆ ಸೂಜಿ ಚುಚ್ಚಿ ಸೊಂಟದ ಕೆಳಗೆ ಮರಗಟ್ಟಿಸುತ್ತಾರೆ. ನಾನು ಎಚ್ಚರವಾಗಿಯೇ ಇರುತ್ತೇನೆ. ಎದೆಯ ಮೇಲೆ ಅಡ್ಡವಾಗಿ ಹಸಿರು ಬಟ್ಟೆ ಕಟ್ಟುತ್ತಾರೆ, ಆಚೆ ನಡೆಯುವುದು ಕಾಣುವುದಿಲ್ಲ.

ಇನ್ನೊಂದು. ಕಳೆದ ಅಕ್ಟೋಬರಿನಿಂದ ಇಂಥ ಗೊತ್ತುಮಾಡಿದ ಆಪರೇಷನ್ನಿಗೆ ಜೊತೆಗೊಬ್ಬರನ್ನು ಒಳಗೆ ಬಿಡುತ್ತಿದ್ದಾರೆ. ತಲೆಯ ಬಳಿ ಒಂದು ಸ್ಟೂಲು ಹಾಕುತ್ತಾರಂತೆ. ಅದಕ್ಕೆ ಮೂಗು ಮತ್ತು ಗಂಟಲಿನ ಪರೀಕ್ಷೆಯ ವರದಿ ಬೇಕು, ಏಳು ದಿನಕ್ಕಿಂತ ಹಳೆಯದಾಗಿರಬಾರದು. ಒಂದು ಗಂಟೆಯ ಪಾಠ, ಒಂದು ಅರ್ಜಿ. ನಮ್ಮೂರಲ್ಲಿ ಇದುವರೆಗೆ ಮೂವರು ಗಂಡಂದಿರು ಹೋಗಿ ಬಂದಿದ್ದಾರೆ. ಅತ್ತೆಗೆ ಹೇಳಿದ್ದಕ್ಕೆ ಶಿಲುಬೆಯ ಗುರುತು ಮಾಡಿಕೊಂಡರು. "ದೇವ್ರೇ, ಅದನ್ನೆಲ್ಲ ನೋಡಿದ ಗಂಡ ಆಮೇಲೆ ಹೆಂಡ್ತೀನ ಮೊದ್ಲಿನ ಥರ ನೋಡ್ತಾನೇನೇ?" ಎಂದರು.

ನೇದಾ ಹುಟ್ಟಿದಾಗ ನೀನು ನದಿಯ ಮೇಲಿದ್ದೆ. ಅದು ಯಾರ ತಪ್ಪೂ ಅಲ್ಲ, ಎಲ್ಲವೂ ಅವಸರದಲ್ಲಿ ಆಗಿಹೋಯಿತು. ಕಣ್ಣು ಬಿಟ್ಟಾಗ ಕೋಣೆಯಲ್ಲಿ ಗೋಡೆಗೆ ಒರಗಿಸಿದ್ದ ನೆಲ ಒರೆಸುವ ಕೋಲು ಬಿಟ್ಟರೆ ಯಾರೂ ಇರಲಿಲ್ಲ. ಮಗುವನ್ನು ಮಾರನೇ ದಿನ ತಂದು ತೋರಿಸಿದರು. ಆಗ ಗಂಡಂದಿರನ್ನು ವಾರ್ಡಿಗೂ ಬಿಡುತ್ತಿರಲಿಲ್ಲವಲ್ಲ, ಮೂರನೇ ದಿನ ಪಕ್ಕದ ಹಾಸಿಗೆಯವಳ ಗಂಡ ಅಂಗಳದಲ್ಲಿ ನಿಂತು ಶಿಳ್ಳೆ ಹಾಕಿ, "ಯಾರ ಥರ ಇದಾನೆ?" ಎಂದು ಕೂಗಿದ. ಅವಳಿಗೆ ಏಳಲಾಗಲಿಲ್ಲ. ನಾನೇ ಗೋಡೆ ಹಿಡಿದುಕೊಂಡು ಕಿಟಕಿಗೆ ಹೋಗಿ, "ನಿಮ್ ಥರಾನೇ, ಪಾಪ" ಎಂದೆ.

ರಜೆ ಕೇಳು. ಮಾರ್ಚ್ 7ಕ್ಕೆ ಮೊದಲು ಊರಿನಲ್ಲಿರಬೇಕು. ನೇದಾ ಮೀನಿನ ಚಿತ್ರ ಬಿಡಿಸಿದ್ದಾಳೆ, ಇದರ ಜೊತೆ ಇಟ್ಟಿದ್ದೇನೆ. ಅದಕ್ಕೆ ಕಾಲುಗಳಿವೆ.

ದೂನ್ಯಾ


ಗಲಾತ್ಸ್ ಬಂದರು
19 ಜನವರಿ

ದೂನ್ಯಾ,

ಮೀನನ್ನು ಚುಕ್ಕಾಣಿಯ ಮುಂದೆ ಅಂಟಿಸಿದ್ದೇನೆ. ಕ್ಯಾಪ್ಟನ್ ನೋಡಿ, "ಇದು ಈಜೋ ಮೀನಲ್ಲ ಕಣೋ, ಬಸ್ ಹಿಡಿಯೋ ಮೀನು" ಎಂದ.

ದಿನ ಗೊತ್ತಾದದ್ದು ಒಳ್ಳೆಯದಾಯಿತು. ನೀನು ಚೆನ್ನಾಗಿ ತಿನ್ನು, ಭಾರ ಎತ್ತಬೇಡ, ಕಟ್ಟಿಗೆ ತರಲು ತೋಮಾಗೆ ಹೇಳು. ಮದುವೆಯಲ್ಲಿ ನಮ್ಮ ಪಕ್ಕ ಸಾಕ್ಷಿಯಾಗಿ ನಿಂತವನು ಕಟ್ಟಿಗೆಯನ್ನಾದರೂ ತಂದು ಹಾಕಲಿ.

ರಜೆಯದು ಸ್ವಲ್ಪ ಕಷ್ಟ. ಮಾರ್ಚಿನಲ್ಲಿ ನೀರು ಏರುತ್ತದೆ. ಆರು ದೋಣಿ ಗೋಧಿಯನ್ನು ಪ್ರವಾಹಕ್ಕೆ ಎದುರಾಗಿ ತಳ್ಳಬೇಕು. ಬೋಶ್ಕೊ ನವೆಂಬರಿನಲ್ಲಿ ಇಳಿದು ಹೋದವನು ತಿರುಗಿ ಬಂದಿಲ್ಲ, ಹಾಗಾಗಿ ಒಬ್ಬ ಕಡಿಮೆ. ಕೇಳಿ ನೋಡುತ್ತೇನೆ, ಆದರೆ ನೆಚ್ಚಿಕೊಳ್ಳಬೇಡ. ಸ್ಟೂಲಿಗೆ ನಿನ್ನ ತಂಗಿ ಆಗುವುದಿಲ್ಲವಾ? ಹೆಂಗಸರಿಗೆ ಹೆಂಗಸರು ಇದ್ದರೇ ಧೈರ್ಯ. ಆ ನಿಯಮವನ್ನು ಬರೆದವರು ಗಂಡನೇ ಆಗಬೇಕು ಅಂತೇನೂ ಹೇಳಿರಲಾರರು.

ಇಲ್ಲಿ ಮಂಜು. ಹಡಗು ಎರಡು ದಿನ ನಿಂತಲ್ಲೇ ನಿಂತಿತ್ತು.

ವೇಲ್ಕೊ


ಮನೆಯಿಂದ
30 ಜನವರಿ

ವೇಲ್ಕೊ,

ನಿನ್ನ ಕಂಪನಿಗೆ ಫೋನ್ ಮಾಡಿದೆ. ಮಾಡಬಾರದಿತ್ತೋ ಏನೋ, ಮಾಡಿಯಾಯಿತು. ಫೋನ್ ಎತ್ತಿದಾಕೆ ಪಟ್ಟಿ ನೋಡಿ, "ಮಾರ್ಚ್ ಒಂದರಿಂದ ಮೂವತ್ತರ ತನಕ ರಜೆ ಇದೆಯಲ್ಲಮ್ಮ, ಡಿಸೆಂಬರಲ್ಲೇ ಬರ್ಸಿದಾರೆ. ಮುಂಚಿತವಾಗಿ ಶುಭಾಶಯ" ಎಂದಳು.

ನಾನು ರೈಲು ನಿಲ್ದಾಣದ ಟಿಕೆಟ್ ಕಿಟಕಿಯ ಹಿಂದೆ ಹನ್ನೊಂದು ವರ್ಷ ಕೂತವಳು. ರೈಲು ಇಲ್ಲ ಅನ್ನುವುದು ಬೇರೆ, ರೈಲಿದೆ ಆದರೆ ನಿನಗೆ ಟಿಕೆಟ್ ಇಲ್ಲ ಅನ್ನುವುದು ಬೇರೆ. ನೀನು ಮೊದಲನೆಯದನ್ನು ಹೇಳಿದೆ.

ನನ್ನ ತಂಗಿ ಸೂಜಿ ಕಂಡರೆ ಊರು ಬಿಡುತ್ತಾಳೆ, ಅದು ನಿನಗೂ ಗೊತ್ತು. ಬರಲು ಮನಸ್ಸಿಲ್ಲದಿದ್ದರೆ ಹಾಗೆಂದೇ ಬರೆ. ಅಮ್ಮನ ಮಾತು ನಿನಗೂ ಸರಿ ಎನಿಸಿದ್ದರೆ ಅದನ್ನು ಬರೆ. ಬೇರೆ ಯಾರಾದರೂ ಇದ್ದರೆ ಅದನ್ನೂ ಬರೆ, ಈಗಲೇ ಬರೆ, ಮಾರ್ಚ್ ಆದ ಮೇಲೆ ಬೇಡ. ಡಿಸೆಂಬರಿನಲ್ಲಿ ನಾಲ್ಕು ದಿನಕ್ಕೆಂದು ಬಂದವನು ನೀನು ಮನೆಯಲ್ಲಿ ಕೂತದ್ದನ್ನು ನಾನು ನೋಡಲಿಲ್ಲ. ನೇದಾ ಜ್ವರ ಬಂದು ಮಲಗಿದ್ದಾಗ ಹಿತ್ತಲಲ್ಲಿ ಕಟ್ಟಿಗೆ ಒಡೆಯುತ್ತಿದ್ದೆ. ಎರಡು ಚಳಿಗಾಲಕ್ಕಾಗುವಷ್ಟು ಕಟ್ಟಿಗೆ ಬಿದ್ದಿದೆ.

ಅರ್ಜಿಯಲ್ಲಿ ಜೊತೆಗಾರನ ಹೆಸರಿನ ಜಾಗ ಖಾಲಿ ಬಿಟ್ಟಿದ್ದೇನೆ. ಕೊನೆಯ ದಿನ ಫೆಬ್ರವರಿ 20.

ದೂನ್ಯಾ


ರೂಸೆ ಬಂದರು
9 ಫೆಬ್ರವರಿ

ದೂನ್ಯಾ,

ಯಾರೂ ಇಲ್ಲ ಮಾರಾಯ್ತಿ. ಈ ಹಡಗಿನಲ್ಲಿರುವ ಒಬ್ಬಳೇ ಹೆಣ್ಣು ಅಡುಗೆಯ ಸ್ಮಿಲ್ಯಾ. ಅವಳಿಗೆ ಅರವತ್ತೆರಡು, ನನ್ನನ್ನು ಕಂಡರೆ ಆಗುವುದಿಲ್ಲ.

ರಜೆ ಇದೆ. ಸುಳ್ಳು ಬರೆದೆ. ಆಸ್ಪತ್ರೆಯ ವಾಸನೆ ನನಗೆ ಹಿಡಿಸುವುದಿಲ್ಲ, ಅಷ್ಟೇ. ನಲವತ್ತರ ಗಂಡಸು, ಸಾವಿರಾರು ಟನ್ನು ತಳ್ಳುವವನು, ಅದನ್ನು ಕಾಗದದ ಮೇಲೆ ಬರೆಯುವುದಕ್ಕೆ ನಾಚಿಕೆಯಾಯಿತು. ಈಗ ಬರೆದಿದ್ದೇನೆ, ನಕ್ಕುಬಿಡು.

ಅರ್ಜಿಯಲ್ಲಿ ನನ್ನ ಹೆಸರು ತುಂಬು. ಮೂಗಿಗೆ ಕಡ್ಡಿ ತೂರಿಸಲಿ, ಗಂಟಲಿಗೂ ತೂರಿಸಲಿ, ಬೇಕಾದರೆ ಕಿವಿಗೂ ಹಾಕಲಿ. ಸ್ಟೂಲಿನ ಮೇಲೆ ಕೂರುತ್ತೇನೆ. ಮಾತು ಕೊಟ್ಟಿದ್ದೇನೆ.

ವೇಲ್ಕೊ


ಮನೆಯಿಂದ
24 ಫೆಬ್ರವರಿ

ವೇಲ್ಕೊ,

ಹೆಸರು ತುಂಬಿದೆ. ಇನ್ನು ಐದು ದಿನಕ್ಕೆ ನೀನೇ ಬರುತ್ತೀಯ, ಆದರೂ ಬರೆಯುತ್ತಿದ್ದೇನೆ. ಎದುರಿಗೆ ಹೇಳಲು ನನಗೆ ಬರುವುದಿಲ್ಲ. ಎದುರಿಗಿದ್ದರೆ ಸೂಪಿಗೆ ಉಪ್ಪು ಸಾಕಾ ಅಂತ ಕೇಳಿಬಿಡುತ್ತೇನೆ.

ನನಗೆ ಭಯವಾಗುತ್ತಿದೆ. ಚಾಕುವಿನ ಭಯವಲ್ಲ, ಸಾಯುವ ಭಯವೂ ಅಲ್ಲ. ಕೋಣೆಯ ತುಂಬ ಜನರಿದ್ದು, ಎಲ್ಲರೂ ನನ್ನ ಮೇಲೆ ಕೆಲಸ ಮಾಡುತ್ತಿರುವಾಗ ನಾನೊಬ್ಬಳೇ ಇರಬೇಕಾಗುತ್ತದೆ ಅನ್ನುವ ಭಯ. ವಾರದಿಂದ ಊಟ ಸೇರುತ್ತಿಲ್ಲ. ಟಿಕೆಟ್ ಕೊಡುವಾಗ ಚಿಲ್ಲರೆಯ ಲೆಕ್ಕ ತಪ್ಪುತ್ತದೆ. ಡಾಕ್ಟರಮ್ಮನಿಗೆ ಹೇಳಿದರೆ ಮಾತ್ರೆ ಬರೆಯುತ್ತಾರೆ, ಅತ್ತೆಗೆ ಹೇಳಿದರೆ ಮೇಣದಬತ್ತಿ ಹಚ್ಚುತ್ತಾರೆ. ಅದಕ್ಕೆ ನಿನಗೆ ಹೇಳಿದೆ. ನೀನು ಇರುತ್ತೀಯ ಅಂತ ನೆನೆದರೆ ಲೆಕ್ಕ ಸ್ವಲ್ಪ ಸರಿಹೋಗುತ್ತದೆ.

ಒಳಗೆ ಬಂದ ಮೇಲೆ ಮಾತಾಡಬೇಡ. ಹೆದರಿಕೆಯಾದಾಗ ನೀನು ಯಾವ ಬಂದರಿನಲ್ಲಿ ನೀರು ಎಷ್ಟು ಅಡಿ ಅಂತ ಒಪ್ಪಿಸಲು ಶುರುಮಾಡುತ್ತೀಯ. ಸುಮ್ಮನೆ ಕೈ ಹಿಡಿದುಕೋ. ಮಾತೆಲ್ಲ ನಾನಾಡುತ್ತೇನೆ.

ತೊಟ್ಟಿಲನ್ನು ಅಟ್ಟದಿಂದ ಇಳಿಸುವುದು ನಾನು ಆಸ್ಪತ್ರೆಯಲ್ಲಿರುವಾಗ. ಅದಕ್ಕೆ ಮೊದಲೇ ಇಳಿಸಿದರೆ ಅತ್ತೆ ನಮ್ಮಿಬ್ಬರನ್ನೂ ಅಟ್ಟಕ್ಕೆ ಹತ್ತಿಸುತ್ತಾರೆ.

ದೂನ್ಯಾ


ಮೊಹಾಚ್ ಬಂದರು
2 ಏಪ್ರಿಲ್

ದೂನ್ಯಾ,

ಹಡಗು ಹತ್ತಿ ಮೂರು ದಿನವಾಯಿತು. ಯಾಕೊವ್ ಹಾಲು ಕುಡಿಯುವಾಗ ಹುಬ್ಬು ಗಂಟಿಕ್ಕುತ್ತಾನಲ್ಲ, ಅದೇ ಕಣ್ಣ ಮುಂದೆ ಬರುತ್ತದೆ. ನೇದಾ ಅವನನ್ನು ಇನ್ನೂ "ಅದು" ಅನ್ನುತ್ತಿದ್ದಾಳಾ?

ಇಲ್ಲಿ ಎಲ್ಲರಿಗೂ ಅದೇ ಕಥೆ ಬೇಕು. ಈ ಕಂಪನಿಯಲ್ಲೇ ಆಪರೇಷನ್ ಕೋಣೆಯೊಳಗೆ ಹೋದ ಮೊದಲ ಗಂಡ ನಾನಂತೆ. ಹೇಳುತ್ತೇನೆ: ಹಸಿರು ಬಟ್ಟೆ, ಮೇಲೆ ದೊಡ್ಡ ದೀಪ, ನನ್ನ ಕೈಯಲ್ಲಿ ನಿನ್ನ ಕೈ. ಯಾಕೊವ್ ಹೊರಗೆ ಬಂದವನೇ ಹಡಗಿನ ಸೈರನ್ ಥರ ಕಿರುಚಿದ್ದು, ಡಾಕ್ಟರಮ್ಮ ನಕ್ಕದ್ದು. ಸ್ಮಿಲ್ಯಾ ಕಣ್ಣೊರೆಸಿಕೊಂಡು ನನ್ನ ತಟ್ಟೆಗೆ ಎರಡು ತುಂಡು ಮಾಂಸ ಹೆಚ್ಚಿಗೆ ಹಾಕಿದಳು. ಕ್ಯಾಪ್ಟನ್, "ನಾನಾಗಿದ್ರೆ ಬಾಗಿಲಲ್ಲೇ ಬಿದ್ದಿರ್ತಿದ್ದೆ" ಎಂದ.

ತೋಮಾ ಹರಿದುಹಾಕಿದ ನನ್ನ ಅಂಗಿ ಏನಾಯಿತು? ಮಗು ಹುಟ್ಟಿದ ಖುಷಿಗೆ ಅಪ್ಪನ ಅಂಗಿ ಹರಿಯುವ ನಮ್ಮೂರ ಪದ್ಧತಿಯೆಂದರೆ ಅವನಿಗೆ ಎಲ್ಲಿಲ್ಲದ ಹುರುಪು. ನನ್ನ ಅಂಗಿ ಹೊಸದು ಅಂತಲೂ ನೋಡಲಿಲ್ಲ.

ಗಾಯ ಹೇಗಿದೆ? ಎರಡೇ ಸಾಲಾದರೂ ಬರೆ.

ವೇಲ್ಕೊ


ಮನೆಯಿಂದ
10 ಏಪ್ರಿಲ್

ವೇಲ್ಕೊ,

ಯಾಕೊವ್ ನಾಲ್ಕು ಕೇಜಿ ಏಳುನೂರು ಗ್ರಾಂ ಆಗಿದ್ದಾನೆ. ನೇದಾ ಈಗ "ನಮ್ಮದು" ಅನ್ನುತ್ತಾಳೆ. ಅತ್ತೆ ಗಾಳಿ ಸೋಕೀತು ಅಂತ ಕಿಟಕಿಗಳನ್ನೆಲ್ಲ ಮುಚ್ಚಿಟ್ಟಿದ್ದಾರೆ, ಮನೆ ಬೇಕರಿಯ ಹಾಗಿದೆ. ಮಗು ನೋಡಲು ಬಂದವರಿಗೆಲ್ಲ, "ನನ್ ಮಗ ಒಳಗೇ ಇದ್ದ, ನಮ್ ಬೀದಿಯಲ್ಲಿ ಇವನೇ ಮೊದಲು" ಅನ್ನುತ್ತಾರೆ. ಮೊದಲು ಏನು ಹೇಳಿದ್ದರೆಂದು ಮರೆತಿದ್ದಾರೆ.

ಗಾಯ ಇದೆ.

ನನಗೆ ಒಂದು ನೆನಪಾಗುತ್ತಿಲ್ಲ. ಬಟ್ಟೆ ಕಟ್ಟಿದ ಮೇಲೆ, ನೀನು ಕೈ ಹಿಡಿದುಕೊಂಡ ಮೇಲೆ, ನಾನು ನಿನಗೆ ಒಂದು ವಿಷಯ ಹೇಳಿದೆ. ಅದೇನು? ನೀನು ಬರೆದರೆ ಎಲ್ಲಾದರೂ ಎತ್ತಿಟ್ಟುಕೊಳ್ಳುತ್ತೇನೆ.

ದೂನ್ಯಾ


ವಿಯೆನ್ನಾ ಬಂದರು
18 ಏಪ್ರಿಲ್

ದೂನ್ಯಾ,

ನೀನು ಅಲ್ಲಿ ಏನೇನೋ ಹೇಳಿದೆ, ಎಲ್ಲ ಸೇರಿಹೋಗಿದೆ. ನೇದಾ ತಿಂಡಿ ತಿಂದಳಾ ಅಂತ ಕೇಳಿದೆ ಅನ್ನಿಸುತ್ತದೆ. ಚಳಿ ಅಂದೆ. ನನಗೂ ಗಾಬರಿ, ಕಿವಿಯ ಮೇಲೆ ಟೊಪ್ಪಿ ಬೇರೆ. ಈಗ ಅದೆಲ್ಲ ಯಾಕೆ? ಮಗು ಚೆನ್ನಾಗಿದೆ, ನೀನು ಚೆನ್ನಾಗಿದ್ದೀಯ.

"ಗಾಯ ಇದೆ" ಅಂದರೇನು? ಇದೆ ಅಂತ ನನಗೂ ಗೊತ್ತು.

ಈಸ್ಟರಿಗೆ ಇಲ್ಲಿ ಸ್ಮಿಲ್ಯಾ ಮೊಟ್ಟೆಗೆ ಬಣ್ಣ ಹಾಕಲು ಈರುಳ್ಳಿ ಸಿಪ್ಪೆ ಕೂಡಿಡುತ್ತಿದ್ದಾಳೆ. ಕ್ಯಾಪ್ಟನ್‌ನ ಹಾಸಿಗೆಯ ಕೆಳಗೂ ಸಿಪ್ಪೆ.

ವೇಲ್ಕೊ


ಮನೆಯಿಂದ
25 ಏಪ್ರಿಲ್

ವೇಲ್ಕೊ,

ನಿನ್ನೆ ಗಾಯದ ಪಟ್ಟಿ ಬದಲಾಯಿಸಲು ಆಸ್ಪತ್ರೆಗೆ ಹೋಗಿದ್ದೆ. ಒಂದು ಪೊಟ್ಟಣ ಕಾಫಿಪುಡಿ, ಒಂದು ಡಬ್ಬಿ ಚಾಕೊಲೇಟು ತೆಗೆದುಕೊಂಡು ಹೋಗಿ ರಾದಿಸಾವ್ ಅನ್ನುವವರು ಯಾರು ಅಂತ ಕೇಳಿದೆ. ಅರಿವಳಿಕೆಯ ಡಾಕ್ಟರರ ಸಹಾಯಕನಂತೆ. ಐವತ್ತೈದು ದಾಟಿರಬೇಕು, ದಪ್ಪ ಕನ್ನಡಕ. ನನ್ನನ್ನು ನೋಡಿದ ಕೂಡಲೇ ಅವನ ಕಿವಿ ಕೆಂಪಾಯಿತು.

ನಾನು ಬೈಯಲಿಲ್ಲ. "ನೀವು ಕೈ ಹಿಡಿದಿದ್ದಕ್ಕೆ ಥ್ಯಾಂಕ್ಸ್ ಹೇಳೋಕೆ ಬಂದೆ" ಎಂದೆ.

"ತಂಗೀ, ನಾನಾಗಿ ಮಾಡಿದ್ದಲ್ಲ. ನಿನ್ನ ಗಂಡನೇ ಬೇಡ್ಕೊಂಡ. ಬಾಗ್ಲಲ್ಲಿ ನಿಂತು ಎರಡೂ ಕೈ ಜೋಡಿಸಿಬಿಟ್ಟ. ನಾನೇನು ಮಾಡ್ಲಿ?" ಎಂದ.

ನನಗೆ ಇದು ನಿನ್ನೆ ಗೊತ್ತಾದದ್ದಲ್ಲ. ಆವತ್ತು ಅಲ್ಲೇ, ಮೇಜಿನ ಮೇಲೇ ಗೊತ್ತಾಯಿತು. ನೀನು ಹೇಳುತ್ತೀಯ ಅಂತ ಆಸ್ಪತ್ರೆಯಲ್ಲಿ ಐದು ದಿನ ಕಾದೆ, ಮನೆಯಲ್ಲಿ ಹನ್ನೊಂದು ದಿನ ಕಾದೆ, ಆಮೇಲೆ ಎರಡು ಕಾಗದಕ್ಕೆ ಕಾದೆ. ನೀನು ಸೈರನ್ನಿನ ಕಥೆ ಬರೆದೆ.

ಬರೆ. ಏನಾಯಿತೋ ಅದನ್ನೇ ಬರೆ.

ದೂನ್ಯಾ


ಲಿಂತ್ಸ್ ಬಂದರು
3 ಮೇ

ದೂನ್ಯಾ,

ಐದು ಕಾಗದ ಬರೆದು ಹರಿದೆ. ಇದನ್ನು ಹರಿಯುವುದಿಲ್ಲ.

ಬೋಶ್ಕೊ ತಾನಾಗಿ ಇಳಿದು ಹೋಗಲಿಲ್ಲ. ಅವನನ್ನು ಹೊತ್ತು ಇಳಿಸಿದರು. ನವೆಂಬರ್ 20ರ ಬೆಳಿಗ್ಗೆ ದೋಣಿಗಳನ್ನು ಕಟ್ಟುವಾಗ ಉಕ್ಕಿನ ಹಗ್ಗ ತುಂಡಾಗಿ ಅವನ ಮೊಣಕಾಲಿಗೆ ಬಡಿಯಿತು. ಆಂಬುಲೆನ್ಸು ಬರುವ ತನಕ ನಲವತ್ತು ನಿಮಿಷ ಅವನ ತಲೆ ನನ್ನ ತೊಡೆಯ ಮೇಲಿತ್ತು. ಅವನು ನನ್ನ ಕೈ ಹಿಡಿದಿದ್ದ. ಅವನು ಕೂಗುವಾಗ ನಾನು ಅವನ ಹಣೆ ನೋಡುತ್ತಿದ್ದೆ, ಕೆಳಗೆ ನೋಡಲಿಲ್ಲ. ಮನುಷ್ಯ ಉಳಿದ, ಕಾಲು ಉಳಿಯಲಿಲ್ಲ.

ಆಮೇಲಿನಿಂದ ಯಾರಾದರೂ ಮಲಗಿದ್ದು ನಾನು ಅವರ ತಲೆಯ ಹತ್ತಿರ ಕೂತರೆ ಕಿವಿ ಮುಚ್ಚಿಕೊಳ್ಳುತ್ತದೆ. ಎದ್ದು ಓಡಬೇಕು ಅನ್ನಿಸುತ್ತದೆ. ಆ ಕಟ್ಟಿಗೆ ಒಡೆದದ್ದು ಅದಕ್ಕೇ. ನಮ್ಮ ಮಗಳಿಗೆ ಜ್ವರ, ಅವಳ ಮಂಚದ ಪಕ್ಕ ಕೂರಲು ನನ್ನಿಂದಾಗಲಿಲ್ಲ. ನೀನು ಬಸುರಿ, ಹೆದರುತ್ತೀಯ ಅಂತ ಆಗ ಇದನ್ನು ಹೇಳಲಿಲ್ಲ. ಆಮೇಲೆ, ಆಗ ಹೇಳಿರಲಿಲ್ಲವಲ್ಲ ಅಂತ ಹೇಳಲಿಲ್ಲ.

ಹದಿನಾಲ್ಕರಂದು ನಿಲುವಂಗಿ ಹಾಕಿಕೊಂಡೆ, ಟೊಪ್ಪಿ, ಮುಖಕ್ಕೆ ಬಟ್ಟೆ, ಕೈಗವಸು ಎಲ್ಲ ಹಾಕಿಕೊಂಡೆ. ಬಾಗಿಲಿನ ಗಾಜಿನಲ್ಲಿ ನೀನು ಮಲಗಿದ್ದು ಕಂಡಿತು. ನಿನ್ನ ತಲೆಯ ಹತ್ತಿರ ಸ್ಟೂಲು ಕಂಡಿತು. ಅಲ್ಲಿಗೆ ಕಾಲು ನಿಂತಿತು. ರಾದಿಸಾವ್ ಹೊರಗೆ ಬಂದು, "ಏನಪ್ಪಾ, ಬರ್ತೀಯೋ ಇಲ್ವೋ? ಶುರು ಮಾಡ್ತಿದಾರೆ" ಎಂದ. ಆಗುತ್ತಿಲ್ಲ ಎಂದೆ. "ನೀವು ಕೂತ್ಕೊಳ್ಳಿ. ಅವಳ ಕೈ ಹಿಡ್ಕೊಂಡ್ರೆ ಸಾಕು. ಮಾತಾಡ್ಬೇಡಿ ಅಂತ ಅವಳೇ ಹೇಳಿದಾಳೆ, ಗೊತ್ತಾಗಲ್ಲ" ಎಂದೆ.

ಹಡಗಿನಲ್ಲಿ ನಾವು ಹೀಗೇ ಮಾಡುವುದು. ಜ್ವರ ಬಂದವನು, ಕುಡಿದವನು, ಕೈ ನಡುಗುವವನು ಚುಕ್ಕಾಣಿ ಹಿಡಿಯಕೂಡದು. ಎದ್ದು ಇನ್ನೊಬ್ಬನನ್ನು ಕೂರಿಸಬೇಕು. ಅದರಲ್ಲಿ ನಾಚಿಕೆಪಡುವುದೇನಿಲ್ಲ, ಕೂರಿಸದಿದ್ದರೇ ತಪ್ಪು. ನಾನು ಜಾಗ ಖಾಲಿ ಬಿಡಲಿಲ್ಲ ದೂನ್ಯಾ. ನನಗಿಂತ ಗಟ್ಟಿ ಕೈಯವನನ್ನು ಕೂರಿಸಿದೆ. ಆ ಹೊತ್ತಿಗೆ ನನ್ನ ತಲೆಯಲ್ಲಿ ಇದ್ದದ್ದು ಅಷ್ಟೇ.

ಬಾಗಿಲ ಹೊರಗೇ ನಿಂತಿದ್ದೆ. ಒಳಗೆ ಯಾರೋ "ಗಂಡು" ಎಂದರು. ಆಮೇಲೆ ಅಳು ಕೇಳಲಿಲ್ಲ. ಕಾದೆ. ಕೇಳಲಿಲ್ಲ. ನಾನು ಓಡಿದೆ, ಒಳಗಲ್ಲ, ಹೊರಗೆ. ನಿಲುವಂಗಿ ಕಿತ್ತೆಸೆದು ಬಾಯ್ಲರ್ ಕೋಣೆಯ ಹಿಂದೆ ಹೋಗಿ ಗೋಡೆಗೆ ಮುಖ ಮಾಡಿ ನಿಂತೆ. ಮಗು ಹೋಯಿತು ಅಂದುಕೊಂಡೆ. ಎಷ್ಟು ಹೊತ್ತು ನಿಂತೆನೋ ಗೊತ್ತಿಲ್ಲ. ಹಿಂದಿನಿಂದ ತೋಮಾ ಬಂದು ಕಾಲರಿಗೆ ಕೈಹಾಕಿ ಅಂಗಿಯನ್ನು ಬೆನ್ನುದ್ದ ಹರಿದ. "ಗಂಡು ಕಣೋ, ಮೂರು ಕೇಜಿ ಎಂಟುನೂರು! ಇಲ್ಲೇನೋ ಮಾಡ್ತಿದೀಯ ಕತ್ತೆ?" ಎಂದ. ಸತ್ತ ಮಗುವಿಗೆ ಯಾರೂ ಅಂಗಿ ಹರಿಯುವುದಿಲ್ಲ. ಯಾಕೊವ್ ಬದುಕಿದ್ದಾನೆ ಅಂತ ನನಗೆ ತಿಳಿದದ್ದು ಹಾಗೆ. ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ. ಖುಷಿಗೆ ಅಳುತ್ತಿದ್ದಾನೆ ಅಂತ ತೋಮಾ ಎಲ್ಲರಿಗೂ ಹೇಳಿದ. ಒಳಗಿದ್ದು ಬಂದ ಅಂತಲೂ ಅವನೇ ಹೇಳಿದ. ನಾನು ಇಲ್ಲ ಅನ್ನಲಿಲ್ಲ.

ಹುಟ್ಟಿದ ಕೂಡಲೇ ಕಿರುಚಿದ ಅಂತ ಬರೆದದ್ದು ಸುಳ್ಳು. ಹಾಗೆ ಆಗಿದ್ದರೆ ಚೆನ್ನಾಗಿತ್ತು ಅಂತ ಬರೆದೆ. ಹತ್ತು ಜನಕ್ಕೆ ಹೇಳಿದ ಮೇಲೆ ಹಾಗೇ ಆಯಿತೇನೋ ಅನ್ನಿಸತೊಡಗಿತ್ತು.

ವೇಲ್ಕೊ


ಮನೆಯಿಂದ
11 ಮೇ

ವೇಲ್ಕೊ,

ಬೋಶ್ಕೊನ ವಿಷಯ ನಾಲ್ಕು ಸಲ ಓದಿದೆ. ನನಗೆ ಹೇಳಬೇಕಿತ್ತು. ಹೇಳಿದ್ದರೆ ನಿನ್ನನ್ನು ಆ ಸ್ಟೂಲಿನ ಮೇಲೆ ಕೂರಿಸುತ್ತಿದ್ದೆನೋ ಇಲ್ಲವೋ, ಏನೇ ಮಾಡಿದ್ದರೂ ತಿಳಿದು ಮಾಡುತ್ತಿದ್ದೆ. ಬೇರೆ ಯಾರೋ ಹೆಣ್ಣು ಇದ್ದಾಳೆ ಅಂತ ಎರಡು ವಾರ ಅಂದುಕೊಂಡು ಅವಳ ಕೂದಲಿನ ಬಣ್ಣವನ್ನೂ ಗೊತ್ತುಮಾಡಿದ್ದೆ.

ನಾನು ಹೇಳುವುದೂ ಒಂದಿದೆ. ರಾದಿಸಾವ್ ಚೆನ್ನಾಗಿ ಕೈ ಹಿಡಿದಿದ್ದ. ತಲೆಯ ಹಿಂದೆ ಕೂತವರ ಮುಖ ಕಾಣುವುದಿಲ್ಲ, ಕೈಗವಸಿನಲ್ಲಿ ಎಲ್ಲರ ಕೈಯೂ ಒಂದೇ. ನೀನೇ ಅಂದುಕೊಂಡೆ. ನಿಜ ಹೇಳಬೇಕೆಂದರೆ ಭಯವೇ ಹೋಗಿತ್ತು. ಆ ಧೈರ್ಯದಲ್ಲಿ ಒಂದು ಮಾತು ಹೇಳಿದೆ. ನೇದಾಳನ್ನು ಮಾರನೇ ದಿನ ತಂದು ಕೊಟ್ಟರಲ್ಲ, ಇದು ನನ್ನ ಮಗುವಲ್ಲ, ಅದಲುಬದಲಾಗಿದೆ ಅನ್ನಿಸಿತ್ತು. ಆರು ವಾರ ಹಾಗೇ ಅನ್ನಿಸುತ್ತಿತ್ತು. ಹಾಲು ಕುಡಿಸುವಾಗ ಗೋಡೆ ನೋಡುತ್ತಿದ್ದೆ. ಇದನ್ನು ಯಾರಿಗೂ ಹೇಳಿರಲಿಲ್ಲ, ನಿನಗೆ ಹೇಳಬೇಕೆಂದು ನಾಲ್ಕು ವರ್ಷದಿಂದ ಇಟ್ಟುಕೊಂಡಿದ್ದೆ. ಹೇಳಿದೆ. ಕೈ ಮೆಲ್ಲಗೆ ಅದುಮಿತು. ಈಗ ಅದು ರಾದಿಸಾವ್‌ಗೆ ಗೊತ್ತು.

ಆಮೇಲೆ ಗಂಡು ಎಂದರು. ಅಳು ಕೇಳಲಿಲ್ಲ. ಯಾರೋ, "ರಾದಿಸಾವ್, ಇಲ್ಲಿ ಬಾ, ಬೇಗ" ಎಂದರು. ನನ್ನ ಕೈಯೊಳಗಿನ ಕೈ ಬಿಟ್ಟುಹೋಯಿತು. ಅವನು ಎದ್ದು ಮಗುವಿನ ಮೇಜಿಗೆ ನಡೆದ. ಆ ಬೆನ್ನು ನಿನ್ನದಾಗಿರಲಿಲ್ಲ. ಗೋಡೆಯ ಗಡಿಯಾರದಲ್ಲಿ ಎಂಟು ಇಪ್ಪತ್ತಾರು. ಯಾಕೊವ್ ಅತ್ತದ್ದು ಎಂಟು ಇಪ್ಪತ್ತೆಂಟಕ್ಕೆ.

ಆ ಎರಡು ನಿಮಿಷ ಡಾಕ್ಟರಮ್ಮನಿಗೆ ಹೊಟ್ಟೆ ಹೊಲಿಯುವ ಕೆಲಸವಿತ್ತು. ನರ್ಸಿಗೆ ದಾರ ಕೊಡುವ ಕೆಲಸ. ರಾದಿಸಾವ್‌ಗೆ ಮಗುವಿಗೆ ಉಸಿರು ಊದುವ ಕೆಲಸ. ಒಬ್ಬರೂ ನನ್ನ ಕಡೆ ನೋಡಲಿಲ್ಲ, ನೋಡಬಾರದು ಕೂಡ. ಎಲ್ಲರೂ ತಂತಮ್ಮ ಕೆಲಸ ಸರಿಯಾಗಿ ಮಾಡಿದ್ದಕ್ಕೇ ಅವನು ಇವತ್ತು ಇದ್ದಾನೆ. ಆ ಕೋಣೆಯಲ್ಲಿ ಬೇರೆ ಯಾವ ಕೆಲಸವೂ ಇಲ್ಲದ ಒಬ್ಬ ಮನುಷ್ಯ ಇರಬೇಕಿತ್ತು. ಅವನ ಕೈ ನಡುಗಿದರೂ ನಡೆಯುತ್ತಿತ್ತು, ಅವನು ಕಣ್ಣು ಮುಚ್ಚಿಕೊಂಡಿದ್ದರೂ ನಡೆಯುತ್ತಿತ್ತು. ಅದು ಚುಕ್ಕಾಣಿ ಅಲ್ಲ ವೇಲ್ಕೊ. ನಾನು ಗಟ್ಟಿಯವನನ್ನು ಕೇಳಿರಲಿಲ್ಲ, ನಿನ್ನನ್ನು ಕೇಳಿದ್ದೆ.

ನನಗೆ ಇನ್ನೂ ಸಿಟ್ಟಿದೆ. ಅದು ಇರುವಷ್ಟು ದಿನ ಇರಲಿ.

ಗಾಯದ ವಿಷಯ. ಎಡತುದಿಯಲ್ಲಿ ಅದು ಕೂಡಿಕೊಳ್ಳಲೇ ಇಲ್ಲ, ಕೀವು ನಿಲ್ಲುತ್ತಿಲ್ಲ. ನಿನಗೆ ಬರೆದಿರಲಿಲ್ಲ. ಮೇ 23, ಗುರುವಾರ ಬೆಳಿಗ್ಗೆ ಹತ್ತಕ್ಕೆ ಅಷ್ಟು ಜಾಗ ಬಿಡಿಸಿ, ಶುಚಿಮಾಡಿ, ಮತ್ತೆ ಹೊಲಿಯುತ್ತಾರೆ. ಅಲ್ಲಿಗೆ ಮಾತ್ರ ಮರಗಟ್ಟಿಸುತ್ತಾರೆ. ಚಿಕ್ಕ ಕೋಣೆ, ಬಟ್ಟೆ ಗಿಟ್ಟೆ ಏನೂ ಕಟ್ಟುವುದಿಲ್ಲ. ಭಯವಾಗುತ್ತಿದೆ. ಡಾಕ್ಟರಮ್ಮ, "ಜೊತೆಗೆ ಯಾರು ಬರ್ತಾರೆ?" ಎಂದರು. "ಕೇಳಿ ಹೇಳ್ತೀನಿ" ಎಂದು ಬಂದಿದ್ದೇನೆ.

ಕೇಳುತ್ತಿದ್ದೇನೆ.

ದೂನ್ಯಾ


ಬುಡಾಪೆಸ್ಟ್ ಬಂದರು
18 ಮೇ

ದೂನ್ಯಾ,

ಕಾಗದ ನಿನ್ನೆ ಸಿಕ್ಕಿತು. ಮಧ್ಯಾಹ್ನ ಊಟಕ್ಕೆ ಎಲ್ಲರೂ ಕೂತಿದ್ದಾಗ ನಿಜ ಹೇಳಿಬಿಟ್ಟೆ. ಯಾರೂ ನಗಲಿಲ್ಲ. ಬೋಶ್ಕೊನನ್ನು ಹೊತ್ತು ಇಳಿಸಿದವರಲ್ಲಿ ಇಬ್ಬರು ತಮಗೂ ನಿದ್ದೆ ಸರಿಯಾಗಿಲ್ಲ ಎಂದರು. ಸ್ಮಿಲ್ಯಾ ಆ ಎರಡು ತುಂಡು ಮಾಂಸ ವಾಪಸ್ ಕೊಡು ಎಂದಳು, ಆಮೇಲೆ ತಾನೇ ಎದ್ದು ಒಳಗೆ ಹೋಗಿ ಇನ್ನೊಂದು ತುಂಡು ತಂದು ಹಾಕಿದಳು. ಕ್ಯಾಪ್ಟನ್, "ಹೋಗಿ ಬಾ, ನಿನ್ನ ಪಾಳಿ ನಾನು ನೋಡ್ಕೋತೀನಿ. ಆದ್ರೆ ಅಲ್ಲಿ ನಿನ್ನ ಪಾಳಿ ನೀನೇ ನೋಡ್ಕೋ" ಎಂದ.

ನೇದಾಳ ಬಗ್ಗೆಯ ಆ ಮಾತನ್ನು ನೀನು ನನಗೇ ಹೇಳಿದ್ದು ಅಂದುಕೊಳ್ಳುತ್ತೇನೆ. ತಡವಾಗಿ ತಲುಪಿತು. ತಲುಪಿತು.

ನಾಳೆ ಬೆಳಿಗ್ಗೆ ಬಸ್ಸಿಗೆ ಹೊರಡುತ್ತೇನೆ. ಈ ಕಾಗದಕ್ಕಿಂತ ಮೊದಲು ನಾನೇ ಬಂದಿರಬಹುದು. ಹಾಗಾದರೂ ಇದನ್ನು ಓದು, ಎದುರಿಗೆ ಹೇಳಲು ನನಗೂ ಬರುವುದಿಲ್ಲ.

ಗುರುವಾರ ನಿನ್ನ ತಲೆಯ ಹತ್ತಿರ ಕೂರುತ್ತೇನೆ. ಕೂತರೆ ಏನಾಗುತ್ತದೋ ನನಗೆ ಗೊತ್ತಿಲ್ಲ. ಕಿವಿ ಮುಚ್ಚಿಕೊಳ್ಳುತ್ತದೆ, ಅದು ಖಂಡಿತ. ಬಿದ್ದರೂ ಬಿದ್ದೆ. ಒಂದೇ ಒಂದು ಉಪಕಾರ ಮಾಡು: ನಾನು ಬಿದ್ದರೆ ಹೊರಗೆ ಎತ್ತಿಕೊಂಡು ಹೋಗಬೇಡಿ, ಅಲ್ಲೇ ನೆಲದ ಮೇಲೆ ಬಿಡಿ ಅಂತ ಡಾಕ್ಟರಮ್ಮನಿಗೆ ಈಗಲೇ ಹೇಳಿಡು.

ವೇಲ್ಕೊ